ಹುಳದ ಮನೆಗೆ ತಂದ ಸ್ಪೀಕರು

ಇಲ್ಲಿ ಬರೆಯುತ್ತಿರುವ ಕೆಲವು ವಿವರಗಳು ತಪ್ಪಿರಬಹುದು. ಸ್ಪೀಕರು ತಂದದ್ದು ಸಂಕ್ರಾಂತಿಗೆ ಮೊದಲೋ ಆಮೇಲೋ ಎಂಬುದೇ ನನಗೆ ಖಚಿತವಿಲ್ಲ. ಅವರೆಕಾಯಿ ಕಾಲ ಎಂದು ನೆನಪಿದೆ, ಆದರೆ ನಮ್ಮ ಕಡೆ ಅವರೆಕಾಯಿ ಎರಡು ತಿಂಗಳಾದರೂ ಇರುತ್ತದೆ. ನಾನು ದಿನಚರಿ ಬರೆಯುವವಳು, ಆದರೂ ಅದು ನೆರವಿಗೆ ಬರಲಿಲ್ಲ. ಆ ಎರಡು ತಿಂಗಳ ಪುಟಗಳಲ್ಲೆಲ್ಲ "ಅತ್ತೆ ಮನೆಗೆ ಹೋಗಿದ್ದೆ. ಬಸ್ಸಿನಲ್ಲಿ ನಿಂತೇ ಬಂದೆ" ಎಂದಷ್ಟೇ ಇದೆ. ಬಸ್ಸಿನಲ್ಲಿ ನಿಂತದ್ದನ್ನು ಬರೆದಿಟ್ಟು ಉಳಿದದ್ದನ್ನೆಲ್ಲ ಬಿಟ್ಟವಳ ನೆನಪು ಇದು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕುದೂರಿನಿಂದ ಒಳಕ್ಕೆ ಹೋಗುವ ಒಂದು ಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಆ ಮನೆಯಲ್ಲಿ ಬಹಳ ಕಾಲ ರೇಷ್ಮೆ ಹುಳು ಸಾಕಿದರು. ಕೂಲಿಯವರು ಸಿಗುವುದು ಕಷ್ಟವಾದ ಮೇಲೆ ಮಗ ಹಿಪ್ಪುನೇರಳೆ ಕೀಳಿಸಿ ಹಸುಗಳಿಗೆ ಮೇವು ಬೆಳೆದ. ಹಿತ್ತಲಲ್ಲಿದ್ದ ಹುಳದ ಮನೆ ಖಾಲಿಯಾಯಿತು. ಅದನ್ನು ಹುಲ್ಲು ತುಂಬಲು ಇಟ್ಟುಕೊಳ್ಳಬೇಕೆಂದು ಅವನಿಗಿತ್ತು. ಅಷ್ಟರಲ್ಲಿ ಅತ್ತೆ ತನ್ನ ಮಂಚ, ಟ್ರಂಕು, ದೇವರ ಪಟ ಎಲ್ಲವನ್ನೂ ಅಲ್ಲಿಗೆ ಸಾಗಿಸಿಬಿಟ್ಟಿದ್ದಳು. "ಹುಳಕ್ಕೆ ಅಷ್ಟ್ ದೊಡ್ಡ ಮನೆ, ನಂಗೆ ಅಡಿಗೆಮನೆ ಪಕ್ಕದ ಮೂಲೆ. ಇನ್ಮೇಲೆ ನಾನೇ ಹುಳ ಅಂದ್ಕೊಳ್ಳಿ" ಅಂದಳಂತೆ. ಇದನ್ನು ಸೊಸೆಯೇ ನನಗೆ ಹೇಳಿ ನಕ್ಕಳು.

ಅದು ಉದ್ದನೆಯ ಒಂದೇ ಕೋಣೆ. ಸಿಮೆಂಟು ನೆಲ, ಸುಣ್ಣ ಬಳಿದ ಗೋಡೆ, ಗೋಡೆಯ ಬುಡದಲ್ಲೂ ಮೇಲೂ ಗಾಳಿ ಕಿಂಡಿಗಳು, ಕಿಟಕಿಗಳಿಗೆ ನೊಣ ನುಗ್ಗದಂತೆ ಬಿಗಿದ ನೈಲಾನ್ ಪರದೆ. ತಟ್ಟೆಗಳನ್ನು ಜೋಡಿಸುತ್ತಿದ್ದ ಅಟ್ಟಣಿಗೆಗಳನ್ನು ಬಿಚ್ಚಿದ ಮೇಲೆ ಒಳಗೆ ಏನೂ ಉಳಿದಿರಲಿಲ್ಲ. ಚಪ್ಪಾಳೆ ತಟ್ಟಿದರೆ ಅದೇ ಚಪ್ಪಾಳೆ ಎದುರು ಗೋಡೆಯಿಂದ ವಾಪಸು ಬರುತ್ತಿತ್ತು.

ಆ ಕೋಣೆಯಲ್ಲಿದ್ದ ಆಂಪ್ಲಿಫೈಯರ್ ನನ್ನದು. ಮೈಸೂರಿನಲ್ಲಿ ಎಂ.ಎ. ಓದುವಾಗ ಯಾರದ್ದೋ ಕೈಯಿಂದ ಕೈಗೆ ಬಂದದ್ದನ್ನು ಕೊಂಡಿದ್ದೆ. ರಾಮನಗರದ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಸಣ್ಣ ಬಾಡಿಗೆ ಮನೆ ಹಿಡಿದಾಗ, ಅದನ್ನೂ ಅದರ ಜೊತೆಯ ಎರಡು ಪುಟ್ಟ ಸ್ಪೀಕರುಗಳನ್ನೂ ಅತ್ತೆಗೆ ಕೊಟ್ಟೆ. ಅವಳು ಹಾಡು ಕೇಳುವವಳು. ಹುಳು ಸಾಕುವಾಗಲೂ ಮೊಳೆಗೆ ಒಂದು ರೇಡಿಯೋ ನೇತಾಡುತ್ತಿತ್ತು. ತತ್ವಪದ, ಭಜನೆ, ಹಳೆಯ ಸಿನಿಮಾ ಹಾಡು, ಯಾವುದಾದರೂ ಸರಿ, ಅದರಲ್ಲಿ ಮಾತಿರಬೇಕು. ಬರಿಯ ಪಿಟೀಲನ್ನೋ ಕೊಳಲನ್ನೋ ಹಾಕಿದರೆ ಸ್ವಲ್ಪ ಹೊತ್ತು ಮರ್ಯಾದೆಗೆ ಕೂತು, "ಇವ್ನು ಯಾವಾಗ ಬಾಯ್ ಬುಡ್ತಾನೆ?" ಎಂದು ಕೇಳುತ್ತಾಳೆ. ಭಾನುವಾರಗಳಂದು ನಾನು ಹೋದಾಗ ಇಬ್ಬರೂ ಕೂತು ಕೇಳುತ್ತಿದ್ದೆವು. ಒಂದು ಸಾಲು ಮುಗಿದ ಕೂಡಲೇ ಅವಳು ಅದನ್ನು ತನ್ನ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು, ನಾನು ತಕರಾರು ತೆಗೆಯುತ್ತಿದ್ದೆ. ಆ ವಾದದಲ್ಲಿ ಮುಂದಿನ ಎರಡು ಸಾಲು ತಪ್ಪಿಹೋಗುತ್ತಿದ್ದವು. ವಾರದಲ್ಲಿ ನನಗೆ ಪೂರ್ತಿ ನನ್ನದು ಅನಿಸುತ್ತಿದ್ದ ಹೊತ್ತು ಅದೊಂದೇ.

ದೂರು ಶುರುವಾದದ್ದು ಯಾವಾಗ ಎಂದು ಹೇಳಲಾರೆ. ಮೊದಲು "ಒಸಿ ಜೋರ್ ಮಾಡು" ಎಂದಿತ್ತು. ಆಮೇಲೆ "ಬಾಯೊಳಕ್ಕೆ ಬಟ್ಟೆ ತುರುಕ್ಕೊಂಡು ಹಾಡ್ದಂಗಾಯ್ತದೆ ಕಣಮ್ಮಿ, ನಿನ್ ಡಬ್ಬ ಹಳೇದಾಗೋಯ್ತು" ಎಂದಾಯಿತು. ಅವಳು ಸಾಲುಗಳನ್ನು ಬಿಡಿಸಿ ಹೇಳುವುದನ್ನು ನಿಲ್ಲಿಸಿದ್ದಳು. ನಾನೇ ಕೆಣಕಿದರೆ, "ಅವ್ನೇನ್ ಹೇಳ್ದ ಅಂತ ಗೊತ್ತಾಗ್ದೆ ಸುಮ್ಕೆ ತಲೆ ಆಡುಸ್ಲಾ?" ಎನ್ನುತ್ತಿದ್ದಳು. ಒಂದು ಭಾನುವಾರ ಮಾತು ಮುಗಿಸಿದಂತೆ ಹೇಳಿದಳು:

"ನೆಲದ್ ಮೇಲೆ ನಿಂತ್ಕೊಳ್ಳೋವು ಬತ್ತವಲ್ಲ, ಎದೆಮಟ್ಟದವು, ಅಂಥವು ತಂದ್ ನೋಡವ. ಅದ್ರಲ್ಲೂ ಮಾತು ಬಿಡಿಬಿಡಿಯಾಗಿ ಕೇಳ್ಸಲಿಲ್ಲ ಅಂದ್ರೆ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕ್ಬುಡು. ಅರ್ಧಂಬರ್ಧ ಕೇಳಕ್ಕಿಂತ ಸುಮ್ಕಿರೋದು ವಾಸಿ."

ಅಂಥ ಸ್ಪೀಕರುಗಳನ್ನು ಅವಳು ಎಲ್ಲಿ ನೋಡಿದ್ದಳು? ನಾನೇ ಫೋನಿನಲ್ಲಿ ಚಿತ್ರ ತೋರಿಸಿ ಆಸೆ ಹಚ್ಚಿದ್ದೆನೇ? ನೆನಪಿಲ್ಲ. ಆದರೆ ಅವಳು ಹೇಳಿದ್ದನ್ನು ಮಾಡುವವಳು. ಅಟ್ಟಕ್ಕೆ ಹಾಕು ಎಂದರೆ ಹಾಕಿಸುತ್ತಾಳೆ, ಆಮೇಲೆ ಆ ಕೋಣೆಯಲ್ಲಿ ನಾವಿಬ್ಬರೂ ಹಸುವಿನ ಹಾಲು, ನೆಂಟರ ಮದುವೆ ಮಾತಾಡಿಕೊಂಡು ಕೂರಬೇಕಾಗುತ್ತದೆ ಎಂಬ ಹೆದರಿಕೆ ನನಗೆ ಹತ್ತಿತು. ಸ್ಪೀಕರು ಹುಡುಕಲು ಹೊರಟದ್ದು ಆ ಹೆದರಿಕೆಗೆ.

ಓದಿದವಳಲ್ಲವೇ, ಮೊದಲು ಓದಿದೆ. ತಿಳಿದದ್ದು ಇಷ್ಟು. ಸ್ಪೀಕರು ಒಳ್ಳೆಯದೋ ಕೆಟ್ಟದ್ದೋ ಎಂದು ಅದೊಂದನ್ನೇ ಕೇಳಿ ಹೇಳಲಾಗದು. ಅದನ್ನು ಎಬ್ಬಿಸುವ ಆಂಪ್ಲಿಫೈಯರಿಗೂ ಅದು ನಿಲ್ಲುವ ಕೋಣೆಗೂ ಅದು ಹೊಂದಬೇಕು. ನನ್ನ ಆಂಪ್ಲಿಫೈಯರ್ ಒಂದೊಂದು ಕಡೆಗೆ ಮೂವತ್ತು ವಾಟ್ ಕೊಡುವಂಥದ್ದು, ಅದೂ ಎಂಟು ಓಮಿನಷ್ಟು ತಡೆ ಇರುವ ಸ್ಪೀಕರಿಗೆ. ನಾಲ್ಕು ಓಮಿನದು ಅದರಿಂದ ಹೆಚ್ಚು ಕರೆಂಟು ಎಳೆಯುತ್ತದೆ, ಸಣ್ಣ ಆಂಪ್ಲಿಫೈಯರ್ ಬಿಸಿಯಾಗಿ ಒದ್ದಾಡುತ್ತದೆ. ಕೆಲವು ಸ್ಪೀಕರುಗಳು ಸ್ವಲ್ಪ ಶಕ್ತಿ ಕೊಟ್ಟರೂ ಜೋರಾಗಿ ಹಾಡುತ್ತವೆ, ಕೆಲವಕ್ಕೆ ಎಷ್ಟು ಕೊಟ್ಟರೂ ಸಾಲದು. ಇನ್ನು ಕೋಣೆ. ದಪ್ಪ ಪರದೆ, ಹಾಸಿಗೆ, ಸೋಫಾ ಇರುವ ಕೋಣೆ ಚೂಪು ಸದ್ದುಗಳನ್ನು ಹೀರಿಕೊಳ್ಳುತ್ತದೆ. ಬೋಳು ಗೋಡೆಯ ಕೋಣೆ ಅವನ್ನೇ ಎತ್ತಿ ಎತ್ತಿ ಎಸೆಯುತ್ತದೆ. ಹಾಗಾಗಿ ಹುಳದ ಮನೆಗೆ ಮೆದುದನಿಯ, ಆದರೆ ಕಡಿಮೆ ಶಕ್ತಿ ಬೇಡುವ ಜೋಡಿ ಸಿಗಬೇಕು ಎಂದು ಲೆಕ್ಕ ಹಾಕಿದೆ. ಈ ಲೆಕ್ಕದಲ್ಲಿ ಕೇಳುವವಳಿಗೆ ಒಂದು ಜಾಗ ಇಡಬೇಕೆಂದು ನನಗೆ ಹೊಳೆಯಲಿಲ್ಲ.

ರಾಮನಗರದಲ್ಲಿ ನನ್ನ ಬೀದಿಯ ಹಿಂದಿನ ಬೀದಿಯಲ್ಲಿ ಒಬ್ಬರು ರೀಲರ್ ಇದ್ದಾರೆ. ಗೂಡು ಬಿಚ್ಚಿ ನೂಲು ತೆಗೆಯುವುದು ಅವರ ಮನೆತನದ ಕಸುಬು, ಹಳೆಯ ಸ್ಪೀಕರು ಕೊಂಡು ಸರಿಮಾಡಿ ಮಾರುವುದು ಅವರೊಬ್ಬರ ಹುಚ್ಚು. ನಾನು ಅವರನ್ನು ಭಾಯ್ ಎನ್ನುತ್ತೇನೆ. ನಿಲುವು ಸ್ಪೀಕರುಗಳು ಎರಡು ಜೋಡಿ ಇವೆ, ಬಂದು ಕೇಳಿ ಎಂದರು. ಶುಕ್ರವಾರ ಮಧ್ಯಾಹ್ನ ನೂಲು ತೆಗೆಯುವ ಮಿಷನ್ ನಿಂತಿರುತ್ತದೆ, ಸದ್ದಿಲ್ಲದೆ ಕೇಳಬಹುದು ಎಂದು ಆ ಹೊತ್ತಿಗೇ ಅತ್ತೆಯನ್ನು ಕರೆಸಿಕೊಂಡೆ. ಅವರ ಬಾಗಿಲಲ್ಲಿ ನಿಂತ ಮೇಲೆ ಗೊತ್ತಾಯಿತು, ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಅವರಿಬ್ಬರೂ ವರ್ಷಗಟ್ಟಲೆ ಮುಖಾಮುಖಿಯಾದವರು.

"ಏನಕ್ಕಾ, ಗೂಡು ತಂದಿಲ್ವಾ?"

"ಗೂಡೆಲ್ಲಾ ಮುಗೀತು ಸಾಬ್ರೇ. ನೀವ್ ಕೂಗ್ತಿದ್ದ ರೇಟ್ ಕೇಳೀ ಕೇಳೀ ಸಾಕಾಗೋಯ್ತು."

"ಅರೆ, ನಿಮ್ ಗೂಡ್ಗೆ ನಾನ್ ಕೂಗಿದಂಗೆ ಮಾರ್ಕೆಟ್ಟಲ್ಲಿ ಇನ್ಯಾರ್ ಕೂಗ್ತಿದ್ರು ಹೇಳಿ?"

"ಯಾರೂ ಕೂಗ್ತಿರ್ಲಿಲ್ಲ. ಅಷ್ಟ್ ಕಮ್ಮಿಗೆ ಕೂಗಕ್ಕೆ ಬೇರೇರ್ಗೆ ನಾಚ್ಕೆ ಆಯ್ತಿತ್ತು."

ಭಾಯ್ ನಕ್ಕು ಟೀ ತರಿಸಿದರು. ಹಿಂದಿನ ಕೊಟ್ಟಿಗೆಯಿಂದ ಬೇಯಿಸಿದ ಗೂಡಿನ ವಾಸನೆ ಬರುತ್ತಿತ್ತು. ಮುಂದಿನ ಕೋಣೆಯಲ್ಲಿ ಗೋಡೆಗೆ ಒಂದು ಗೇಣು ಬಿಟ್ಟು ಎರಡು ಜೋಡಿಗಳೂ ನಿಂತಿದ್ದವು. ಒಂದು ಕಂದು ಮರದ ದಪ್ಪ ಜೋಡಿ, ಇನ್ನೊಂದು ಕಪ್ಪಗೆ ಸಪೂರ. ಮೊದಲು ಕಂದು ಜೋಡಿಗೆ ತಂತಿ ಸಿಕ್ಕಿಸಿ ಒಂದು ಹಾಡು ಹಾಕಿದರು. ಆರಂಭದ ವಾದ್ಯ ಶುರುವಾಗುತ್ತಿದ್ದಂತೆ ಅತ್ತೆ ಕೈ ಎತ್ತಿದಳು.

"ನಿಲ್ಸಿ. ಮಧ್ಯದಿಂದ ಹಾಕಿ."

"ಯಾಕಕ್ಕಾ, ಮೊದ್ಲಿಂದ ಕೇಳಿ, ಮಜಾ ಇರುತ್ತೆ."

"ಮಾರ್ಕೆಟ್ಟಲ್ಲಿ ನೀವು ನನ್ ಗೂಡಿನ ರಾಶೀಗೆ ಮೊಣಕೈ ಗಂಟ ಕೈ ಹಾಕಿ ತಳದ್ದು ತೆಗೀತಿದ್ರಲ್ಲಾ? ಮೇಲ್ಗಡೆದ್ ನೋಡಿ ಒಂದಿನಾನಾದ್ರೂ ನಂಬುದ್ರಾ? ನಾನೂ ಈಗ ತಳಕ್ಕೇ ಕೈ ಹಾಕೋದು."

ಭಾಯ್ ಹಾಡನ್ನು ಮಧ್ಯಕ್ಕೆ ಓಡಿಸಿದರು. ತಬಲ, ತಾಳ, ಹಿಮ್ಮೇಳದವರ ದನಿ, ಹಾಡುವವನ ಮಾತು ಎಲ್ಲ ಒಂದರ ಮೇಲೊಂದು ಬೀಳುವ ಜಾಗ ಅದು. ನನಗೆ ಅಲ್ಲಿಯೇ ತೀರ್ಮಾನವಾಗಿಹೋಯಿತು. ದನಿ ಎದೆಯಿಂದ ಬರುತ್ತಿತ್ತು, ಯಾವುದೂ ಕಿವಿಯನ್ನು ಇರಿಯುತ್ತಿರಲಿಲ್ಲ. ನಾಲ್ಕು ಓಮಿನದ್ದು ಎಂಬ ಒಂದೇ ತೊಡಕು. ಅತ್ತೆಯನ್ನು ನೋಡಿದೆ.

"ಚಂದಾಗೈತೆ. ಮನೆ ತುಂಬ್ಕತದೆ. ಏನ್ ಹೇಳ್ತಾವ್ನೆ ಅಂತ ಮಾತ್ರ ಗೊತ್ತಾಗಕಿಲ್ಲ."

ಕಪ್ಪು ಜೋಡಿಗೆ ತಂತಿ ಬದಲಾಯಿಸಿದರು. ಅದೇ ಹಾಡು, ಅದೇ ಜಾಗ. ತಾಳದ ಸದ್ದು ಚಮಚ ಬಿದ್ದಂತೆ ಕೇಳಿತು. ಹಾಡುವವನ ಒಂದೊಂದು ಸಕಾರವೂ ಸೀಟಿ ಊದಿದಂತಿತ್ತು. ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಅತ್ತೆ ಮುಂದಕ್ಕೆ ಬಾಗಿದಳು. ಸ್ವಲ್ಪ ಹೊತ್ತಿಗೆ ಅವಳ ತುಟಿ ಹಾಡಿನ ಜೊತೆ ಅಲುಗಾಡತೊಡಗಿತು.

"ಇದು. ಇದು ಬಾಯ್ಬುಟ್ಟು ಹಾಡ್ತದೆ."

ಆಗ ಅವಳು ಎದ್ದು ಹೋಗಿ ಸ್ಪೀಕರಿನ ಪಕ್ಕಕ್ಕೆ ಅಂಗೈ ಇಟ್ಟು ನಿಂತಂತೆ ನನಗೆ ಕಾಣುತ್ತದೆ. ಈಗ ಬರೆಯುವಾಗ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಅನುಮಾನ. ಆಮೇಲೆ ತಿಳಿದ ವಿಷಯದಿಂದ ನಾನೇ ಆ ಅಂಗೈಯನ್ನು ಅಲ್ಲಿಗೆ ಒಯ್ದು ಇಟ್ಟಿರಬಹುದು.

ಆಂಪ್ಲಿಫೈಯರಿನ ಲೆಕ್ಕದಲ್ಲಿ ಅವಳ ಆಯ್ಕೆಯೇ ಸರಿ. ಕಪ್ಪು ಜೋಡಿ ಎಂಟು ಓಮಿನದು, ಕಡಿಮೆ ಶಕ್ತಿಗೇ ಜೋರಾಗಿ ಹಾಡುವಂಥದ್ದು. ಕೋಣೆಯ ಲೆಕ್ಕದಲ್ಲಿ ತೀರಾ ತಪ್ಪು. ಹೊರಗೆ ಬಂದು ಅತ್ತೆಯನ್ನು ಒಪ್ಪಿಸಲು ನೋಡಿದೆ.

"ಅತ್ತೆ, ಇಲ್ಲೇ ಇಷ್ಟು ಚುಚ್ಚುತ್ತೆ. ನಿನ್ ಬೋಳು ಮನೇಲಿ ಕಿವಿ ಕುಯ್ದಾಕುತ್ತೆ."

"ಕುಯ್ಲಿ ಬುಡು. ಕುಯ್ಯೋದಾದ್ರೂ ಗೊತ್ತಾಗ್ಲಿ."

ನಾನು ನಕ್ಕೆ. ಹಟ ಎಂದುಕೊಂಡೆ. ಭಾಯ್ ಒಂದು ಮಾತು ಹೇಳಿ ಕಳಿಸಿದರು: "ಆಂಪ್ಲಿಫೈಯರ್ ಸಣ್ಣದು, ಸೌಂಡಿನ ಗುಂಡಿ ಅರ್ಧ ದಾಟಿಸ್ಬೇಡಿ. ಮೇಲಿರೋ ಪುಟ್ಟ ಬಿಲ್ಲೆ ಸುಟ್ಟೋಗುತ್ತೆ."

ಲಗೇಜ್ ಆಟೋದಲ್ಲಿ ಗೂಡಿನ ಖಾಲಿ ಚೀಲಗಳ ನಡುವೆ ಅವನ್ನು ಮಲಗಿಸಿಕೊಂಡು ಹೊರಟೆವು. ಮಾಗಡಿ ಮುಟ್ಟುವವರೆಗೂ ಅತ್ತೆ ಹಿಂದಿನ ಕಂಡಿಯಿಂದ ಅವನ್ನೇ ನೋಡುತ್ತಿದ್ದಳು. ಸಾವನದುರ್ಗ ಬಲಕ್ಕೆ ಬಂತು, ಅವಳು ಕೈ ಮುಗಿಯುವುದನ್ನೂ ಮರೆತಳು. ನೆಲದ ಅದುರು ಸ್ಪೀಕರಿಗೆ ತಾಗಬಾರದೆಂದು ಓದಿದ್ದ ನಾನು ಅದಕ್ಕೆ ಮೊದಲೇ ಚನ್ನಪಟ್ಟಣದಲ್ಲಿ ಆಟಿಕೆ ಕಡೆಯುವವರ ಹತ್ತಿರ ಮರದ ಗುಂಡು ಕಾಲುಗಳನ್ನು ಮಾಡಿಸಿಟ್ಟಿದ್ದೆ. ಕಪ್ಪು ಬಣ್ಣ ಹಾಕಿ ಎಂದು ನಾನು ಹೇಳಿ ಬಂದಿದ್ದೆ, ಅವರು ಕೆಂಪು ಹಳದಿ ಅರಗು ಬಳಿದು ಕೊಟ್ಟರು. "ಕಪ್ಪು ಏನ್ ಚಂದಾನಮ್ಮ, ಶುಭವಾಗಿರ್ಲಿ ಅಂತ ಹಾಕ್ದೆ" ಅಂದರು. ಹಾಗಾಗಿ ನಮ್ಮ ಸ್ಪೀಕರುಗಳು ತೊಟ್ಟಿಲ ಕಾಲಿನಂಥ ಕಾಲುಗಳ ಮೇಲೆ ನಿಂತವು. ಸೊಸೆ ಬಾಗಿಲಲ್ಲಿ ನಿಂತು ನೋಡಿ, "ಇದೇನತ್ತೆ, ಇಬ್ರು ಪೊಲೀಸ್ನೋರು ಗೆಜ್ಜೆ ಕಟ್ಕೊಂಡ್ ನಿಂತಂಗೈತೆ" ಅಂದಳು.

ಮೊದಲ ದಿನ ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿದಳು. ಸಾಲುಗಳನ್ನು ಬಿಡಿಸಿ ಹೇಳಿದಳು. ನಾನು ತಕರಾರು ತೆಗೆದೆ. ಬಯಸಿದ್ದು ಅದೇ ಆಗಿತ್ತಲ್ಲ, ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನಾನು ಹೆದರಿದಂತೆಯೇ ಆ ಕೋಣೆಯಲ್ಲಿ ಚೂಪು ಸದ್ದು ಗೋಡೆಯಿಂದ ಗೋಡೆಗೆ ಹಾರುತ್ತಿತ್ತು. ಕೊನೆಯ ಬಸ್ಸು ಹತ್ತುವ ಹೊತ್ತಿಗೆ ನನ್ನ ತಲೆ ಸಿಡಿಯುತ್ತಿತ್ತು. ಮುಂದಿನ ವಾರ ಅತ್ತೆಯೂ, "ಒಂದೊಂದ್ ಕಡೆ ಮಾತು ಒಂದ್ರ ಮೇಲೊಂದು ಬಿದ್ದಂಗಾಯ್ತದೆ" ಎಂದಳು. ಅದು ಪ್ರತಿಧ್ವನಿಯ ಮಾತು ಎಂದು ನಾನು ತಿಳಿದೆ.

ಇಲ್ಲಿ ಹುಳು ಸಾಕಿದವರ ಒಂದು ಅಭ್ಯಾಸವನ್ನು ಹೇಳಬೇಕು. ಹುಳು ಸರಿಯಾಗಿ ಸೊಪ್ಪು ಮೇಯದಿದ್ದರೆ ಅವರು ಹುಳುವನ್ನು ಅನುಮಾನಿಸುವುದಿಲ್ಲ, ಮೊದಲು ಮನೆಯನ್ನು ನೋಡುತ್ತಾರೆ. ಸೆಕೆಯಾಯಿತೇ, ಕಿಂಡಿ ತೆಗೆ. ಶೀತವಾಯಿತೇ, ಕೆಂಡದ ಬಾಣಲೆ ಇಡು. ತೇವವಾಯಿತೇ, ಸುಣ್ಣ ಎರಚು. ಹೊರಗಿನವರು ಯಾರಾದರೂ ಕಾಲು ತೊಳೆಯದೆ ಬಂದರೇ ಎಂದು ಕೇಳು. ಹುಳುವಿಗೇ ರೋಗ ಬಂದಿದೆ ಎನ್ನುವುದು ಕಟ್ಟಕಡೆಯ ಮಾತು. ಆ ಮಾತು ಬಾಯಿಗೆ ಬಂದರೆ ಇಡೀ ಬೆಳೆಯನ್ನು ತಿಪ್ಪೆಗೆ ಸುರಿಯಬೇಕು ಎಂದೇ ಅರ್ಥ. ಅತ್ತೆ ಆ ಅಭ್ಯಾಸದಲ್ಲೇ ಬದುಕಿದವಳು. ನಾನು ಬೇಸಿಗೆ ರಜೆಗಳಲ್ಲಿ ಅವಳ ಕೈಕೆಳಗೆ ಸೊಪ್ಪು ಹಾಕಿ ಬೆಳೆದವಳು. ಹಾಗಾಗಿ ಇಬ್ಬರೂ ಯೋಚನೆಯೇ ಮಾಡದೆ ಮನೆಯನ್ನು ಸರಿಮಾಡಲು ಹೊರಟೆವು.

ಮೊದಲು ಸ್ಪೀಕರುಗಳನ್ನು ಗೋಡೆಯಿಂದ ಮುಂದಕ್ಕೆ ಎಳೆದೆವು. ನೆಲಕ್ಕೆ ಎರಡು ಕಂಬಳಿ ಹಾಸಿದೆವು. ಹಿಂದಿನ ಗೋಡೆಗೆ ಏನಾದರೂ ಒರಟಾದದ್ದು ಬೇಕಿತ್ತು. ಅಟ್ಟದ ಮೇಲೆ ಚಂದ್ರಿಕೆಗಳಿದ್ದವು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರು ಚಾಪೆಗಳು ಅವು, ಮೈಮೇಲೆಲ್ಲ ಬಿದಿರ ಪಟ್ಟಿ ಸುರುಳಿ ಸುರುಳಿಯಾಗಿ ಎದ್ದು ನಿಂತಿರುತ್ತದೆ. ಸದ್ದನ್ನು ಚದುರಿಸಲು ಪಟ್ಟಣದವರು ಕೊಳ್ಳುವ ಮರದ ಹಲಗೆಗಳ ಚಿತ್ರ ನೋಡಿದ್ದೆ, ಅದಕ್ಕಿಂತ ಇದು ಚೆನ್ನಾಗಿತ್ತು. ಅವನ್ನು ಇಳಿಸಿ, ಒದರಿ, ಗೋಡೆಗೆ ಸಾಲಾಗಿ ಒರಗಿಸಿದೆವು. ಕೋಣೆ ಒಮ್ಮೆಗೇ ತಣ್ಣಗಾಯಿತು. ತಾಳ ತಾಳದಂತೆ ಕೇಳಿತು. ನನಗೆ ಒಳಗೊಳಗೇ ಹೆಮ್ಮೆ.

ಅತ್ತೆ ಕೇಳಿ, "ಹೂಂ" ಅಂದಳು. ಅದು ಅವಳ ಒಪ್ಪಿಗೆಯ ಹೂಂ ಅಲ್ಲ.

ಮುಂದಿನ ಭಾನುವಾರ ಹೋದಾಗ ಒಂದು ಕಂಬಳಿ ಮಂಚದ ಮೇಲೆ ಹೋಗಿತ್ತು. "ಚಳಿ ಇತ್ತು, ಹೊದ್ಕಂಡೆ." ನಾನು ಇನ್ನೊಂದು ತಂದು ಹಾಸಿದೆ, ಕಿಟಕಿಗೆ ಗೋಣಿ ಪರದೆ ಬಿಟ್ಟೆ. ಅದರ ಮುಂದಿನ ವಾರ ಪರದೆ ಸುತ್ತಿ ಮೇಲಕ್ಕೆ ಕಟ್ಟಿತ್ತು. "ಗಾಳಿ ಆಡಕಿಲ್ಲ ಕಣಮ್ಮಿ." ಒಂದು ಸಲ ಚಂದ್ರಿಕೆಗಳು ಅರ್ಧಕ್ಕರ್ಧ ಹೊರಗೆ ಬಿಸಿಲಿಗೆ ಬಿದ್ದಿದ್ದವು, ಇರುವೆ ಹತ್ತಿತ್ತಂತೆ. ನಾನು ಎತ್ತಿ ಒಳಗಿಟ್ಟೆ. ಪ್ರತಿ ಸಲವೂ ನನಗೆ ಒಂದು ಕಾರಣ ಸಿಗುತ್ತಿತ್ತು, ನಾನು ಒಪ್ಪುತ್ತಿದ್ದೆ. ನಾನು ಸರಿಮಾಡಿದಷ್ಟೂ ಅವಳು ಸುಮ್ಮನಾಗುತ್ತಿದ್ದಳು ಎಂಬುದು ಕಣ್ಣೆದುರಿಗೇ ನಡೆದದ್ದು. ಕೊನೆಗೊಂದು ದಿನ ಅಂದೇಬಿಟ್ಟಳು:

"ಮೊದ್ಲು ಚಂದಾಗಿತ್ತು. ನೀನು ಸರಿ ಮಾಡಕ್ಕೋಗಿ ಮತ್ತೆ ಬಾಯ್ಗೆ ಬಟ್ಟೆ ತುರುಕ್ಬುಟ್ಟೆ."

"ಈಗಲೇ ಅತ್ತೆ ಸರಿಯಾಗಿರೋದು. ನನ್ಗೆ ಒಂದೊಂದು ಅಕ್ಷರ ಕೇಳ್ತಿದೆ."

"ನಿಂಗೆ ಕೇಳ್ತದೆ. ನೀನು ಕಾಲೇಜಲ್ಲಿ ಪಾಠ ಮಾಡೋಳು."

ಇದಕ್ಕೂ ನಾನು ನಕ್ಕಿದ್ದೆ ಎಂದು ತೋರುತ್ತದೆ.

ಅದಾದ ಮೇಲೆ ಕಾಲೇಜಿನ ಪರೀಕ್ಷೆಗಳು ಬಂದು ಕೆಲವು ವಾರ ಹೋಗಲಾಗಲಿಲ್ಲ. ಹೋದ ದಿನ ಹಿತ್ತಲಿಗೆ ತಿರುಗುವ ಮೊದಲೇ ಹಾಡು ಕೇಳಿಸಿತು. ಒಳಗೆ ಚಂದ್ರಿಕೆಗಳೆಲ್ಲ ಮೂಲೆ ಸೇರಿದ್ದವು, ಕಂಬಳಿಗಳು ಮಡಚಿದ್ದವು. ಆಂಪ್ಲಿಫೈಯರಿನ ಸೌಂಡಿನ ಗುಂಡಿ ಅರ್ಧ ದಾಟಿ ಎಷ್ಟೋ ಮುಂದಿತ್ತು, ಚೂಪು ಸದ್ದಿನ ಗುಂಡಿ ಕೊನೆ ಮುಟ್ಟಿತ್ತು. ಅತ್ತೆ ಎಡಗಡೆಯ ಸ್ಪೀಕರಿಗೆ ಮಣೆ ಎಳೆದುಕೊಂಡು ಹತ್ತಿರದಲ್ಲೇ ಕೂತಿದ್ದಳು. ನನ್ನನ್ನು ಕಂಡು ಶಾಲೆ ಮಕ್ಕಳಂತೆ ಥಟ್ಟನೆ ಎದ್ದು ಗುಂಡಿ ತಿರುಗಿಸಿದಳು.

ಸದ್ದು ಇಳಿದ ಮೇಲೆ ನನಗೆ ಏನೋ ವಿಚಿತ್ರ ಅನಿಸಿತು. ಹಾಡು ಬಲಕ್ಕೆ ವಾಲಿತ್ತು. ತಾಳವೆಲ್ಲ ಬಲಗಡೆಯೇ ಬಡಿಯುತ್ತಿತ್ತು, ಎಡಗಡೆಯಿಂದ ಬರಿಯ ಗುಂಯ್ ಎನ್ನುವ ಮಂದ ದನಿ. ಬಗ್ಗಿ ಎಡ ಸ್ಪೀಕರಿನ ಮೇಲಿನ ಪುಟ್ಟ ಬಿಲ್ಲೆಗೆ ಕಿವಿ ಇಟ್ಟೆ. ಚೂಪು ಸದ್ದುಗಳನ್ನೆಲ್ಲ ಹೊರಡಿಸಬೇಕಾದ ಬಿಲ್ಲೆ ಅದು, ಭಾಯ್ ಎಚ್ಚರಿಸಿದ್ದು ಅದರ ಬಗ್ಗೆಯೇ. ಪೂರ್ತಿ ಮೌನವಾಗಿತ್ತು.

"ಅತ್ತೆ, ಈ ಎಡಗಡೆದು ಯಾವಾಗಿಂದ ಹಿಂಗಿದೆ?"

"ಹೆಂಗೈತೆ?"

"ಏನೂ ವ್ಯತ್ಯಾಸ ಕಾಣ್ಸಲ್ವಾ?"

"ಏನಾಗೈತೆ ಅದ್ಕೆ, ಗುಂಡುಕಲ್ಲಂಗೆ ಚೆನ್ನಾಗೈತಲ್ಲ. ಈಗ್ತಾನೆ ಅದ್ರ ಮುಂದೇ ಕೂತಿದ್ನಲ್ಲ."

ಅಂಗಳಕ್ಕೆ ಬಂದು ಭಾಯ್‌ಗೆ ಫೋನ್ ಮಾಡಿದೆ. ಆಂಪ್ಲಿಫೈಯರನ್ನು ಅದರ ಕೈಲಾಗದಷ್ಟು ಕೂಗಿಸಿದರೆ ಹೀಗೇ ಆಗುವುದು, ಬಿಲ್ಲೆ ಸಿಗುತ್ತದೆ, ಹಾಕಿಕೊಡುತ್ತೇನೆ ಎಂದರು. ಆಮೇಲೆ ಕೇಳಿದರು: "ಅಕ್ಕಂಗೆ ಗೊತ್ತಾಗ್ಲಿಲ್ವಾ? ನಮ್ ಮನೇಲಿ ಅಷ್ಟ್ ಬಿರ್ರನೆ ಆರಿಸಿದ್ರಲ್ಲ."

ಫೋನ್ ಇಟ್ಟು ಅಂಗಳದಲ್ಲೇ ನಿಂತೆ. ಅವರ ಮಾತಿನಿಂದ ಹಿಂದಿನದೆಲ್ಲ ಒಂದೊಂದಾಗಿ ಜೋಡಣೆಯಾಗತೊಡಗಿತು. ನನಗೆ ಇರಿಯುತ್ತಿದ್ದ ಜೋಡಿ ಅವಳಿಗೆ ಬಾಯ್ಬಿಟ್ಟು ಹಾಡಿದ್ದೇಕೆ, ಕಂಬಳಿ ಹಾಸಿದಷ್ಟೂ ಅವಳಿಗೆ ಮಾತು ಮಸುಕಾದದ್ದೇಕೆ. ಮಾತಿಗೆ ಅಂಚು ಕೊಡುವ ಚೂಪು ಸದ್ದುಗಳು ಅವಳಿಗೆ ಕಷ್ಟಪಟ್ಟು ತಲುಪುತ್ತಿದ್ದವು. ಕಪ್ಪು ಸ್ಪೀಕರೂ ಬೋಳು ಗೋಡೆಯೂ ಸೇರಿ ಅವನ್ನು ಅವಳಿಗಾಗಿ ದೊಡ್ಡದು ಮಾಡಿದ್ದವು. ನಾನು ವಾರ ವಾರ ಬಂದು ಅವನ್ನು ಒಂದೊಂದಾಗಿ ಹೀರಿ ತೆಗೆದಿದ್ದೆ, ನನ್ನ ಕಿವಿಗೆ ಹಿತವಾಗುವವರೆಗೆ. ಈಗ ಎಡಗಡೆ ಅವು ಪೂರ್ತಿ ಹೋದರೂ ಅವಳಿಗೆ ತಿಳಿದಿಲ್ಲ.

ಹಾಗೆಂದು ಎಲ್ಲವನ್ನೂ ಅದಕ್ಕೇ ಜೋಡಿಸಲು ನನಗೆ ಭಯ. ಒಂದು ವಿಷಯ ಗೊತ್ತಾದ ಮೇಲೆ ನೆನಪು ಬಹಳ ವಿಧೇಯವಾಗುತ್ತದೆ, ಕೇಳಿದ ಸಾಕ್ಷಿಯನ್ನೆಲ್ಲ ತಂದುಕೊಡುತ್ತದೆ. ಫೋನಿನಲ್ಲಿ ಅವಳು ಯಾವಾಗಲೂ ತಾನೇ ಮಾತಾಡಿ ಇಡುವುದು ಕೇಳಿಸದೆಯೋ, ಅಥವಾ ಅವಳು ಮೊದಲಿನಿಂದಲೂ ಹಾಗೆಯೋ? ಕುಕ್ಕರಿನ ಸೀಟಿ ಎಣಿಸುವುದನ್ನು ಸೊಸೆಗೆ ಬಿಟ್ಟಿದ್ದು ಕಿವಿಗಾಗಿಯೋ, ಅತ್ತೆತನಕ್ಕಾಗಿಯೋ? ಮದುವೆಮನೆಗಳಲ್ಲಿ ಯಾರು ಏನು ಹೇಳಿದರೂ ನಗುತ್ತಾ "ಹೌದಾ" ಎನ್ನುವುದು? ಇವೆಲ್ಲ ನಡೆದವು ಎಂದು ಪ್ರಮಾಣ ಮಾಡಬಲ್ಲೆ. ಇವುಗಳ ಅರ್ಥ ಇದೇ ಎಂದು ಪ್ರಮಾಣ ಮಾಡಲಾರೆ. ನನಗೆ ಹೆಚ್ಚು ಕಾಡುವುದು ಬೇರೆ. ಅವಳು ಎರಡು ಸಲವಾದರೂ ಎದುರಿಗೇ ಹೇಳಿದ್ದಳು, "ಕುಯ್ಯೋದಾದ್ರೂ ಗೊತ್ತಾಗ್ಲಿ" ಎಂದು, "ನಿಂಗೆ ಕೇಳ್ತದೆ" ಎಂದು. ನಾನು ಎರಡು ಸಲವೂ ಹಟವೆಂದೋ ಜಾಣಮಾತೆಂದೋ ನಕ್ಕಿದ್ದೆ.

ಒಳಗೆ ಬಂದು, "ಅತ್ತೆ, ಮಾಗಡೀಲಿ ಕಿವಿ ಡಾಕ್ಟ್ರಿದಾರಂತೆ, ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು.

"ನನ್ ಕಿವಿಗೇನಾಗೈತೆ? ಮನೆ ಸರೀಗಿಲ್ಲ. ಉದ್ದ ಜಾಸ್ತಿ ಆಯ್ತು. ಮಧ್ಯಕ್ಕೊಂದು ತಡಿಕೆ ಹಾಕ್ಸಿದ್ರೆ ಎಲ್ಲಾ ಸರೋಯ್ತದೆ."

ರೋಗ ಹುಳುವಿಗೇ ಎಂಬ ಕಟ್ಟಕಡೆಯ ಆ ಮಾತನ್ನು ಅವಳ ಬಾಯಿಂದ ಹೊರಡಿಸಲು ನಾನು ಯಾರು? ಉಳಿದಿದ್ದ ಗೋಣಿ ಪರದೆಯನ್ನು ಬಿಚ್ಚಿದೆ. ಕಂಬಳಿಗಳನ್ನು ಸೊಸೆಗೆ ಕೊಟ್ಟೆ. ಮುಂದಿನ ವಾರ ಭಾಯ್ ಕೊಟ್ಟ ಬಿಲ್ಲೆಯನ್ನು ಹಾಕಿಸಿ, ಸ್ಪೀಕರುಗಳನ್ನು ಅವಳ ಮಣೆಯ ಹತ್ತಿರಕ್ಕೆ ತಂದು, ಎರಡರ ಮುಖವನ್ನೂ ಅವಳ ಕಡೆಗೇ ತಿರುಗಿಸಿದೆ. ಹತ್ತಿರವಾದ್ದರಿಂದ ಗುಂಡಿಯನ್ನು ಅರ್ಧ ದಾಟಿಸುವ ಅಗತ್ಯ ಬೀಳಲಿಲ್ಲ. ಚೂಪು ಸದ್ದಿನ ಗುಂಡಿ ಮಾತ್ರ ಅವಳಿಟ್ಟಲ್ಲೇ, ಕೊನೆಯಲ್ಲೇ ಬಿಟ್ಟೆ. ನನಗೆ ಅದು ಕಷ್ಟವಾಗುತ್ತದೆ, ಕೋಣೆಯ ಬಾಗಿಲ ಹತ್ತಿರ ಕೂರುತ್ತೇನೆ. ಅವಳು ಸಾಲುಗಳನ್ನು ಬಿಡಿಸಿ ಹೇಳುತ್ತಾಳೆ, ಎಲ್ಲವನ್ನೂ ಅಲ್ಲ. ಕೆಲವು ಸಲ ಹಾಡಿನಲ್ಲಿ ಇಲ್ಲದ ಸಾಲನ್ನು ಬಿಡಿಸಿ ಹೇಳುತ್ತಾಳೆ. ಅದು ಹಾಡಿನ ಸಾಲಿಗಿಂತ ಚೆನ್ನಾಗಿಯೇ ಇರುತ್ತದೆ. ಈಗ ನಾನು ತಕರಾರು ತೆಗೆಯುವ ಮುಂಚೆ ಯೋಚಿಸುತ್ತೇನೆ, ಆ ಯೋಚನೆ ನನಗೆ ಇಷ್ಟವಿಲ್ಲ.

ಹೋದ ಭಾನುವಾರ ಹಾಡು ಮುಗಿದು ಕೋಣೆ ಸುಮ್ಮನಾಗಿತ್ತು. ನಾನು ಬಾಗಿಲಿಂದ ಎದ್ದು ಹೋಗಿ ಅವಳ ಎಡಗಡೆ ನೆಲದ ಮೇಲೆ ಕೂತೆ. ಇಷ್ಟು ವರ್ಷ ಅವಳ ಹತ್ತಿರ ಎಷ್ಟೋ ಹೇಳಿಕೊಂಡಿದ್ದೇನೆ. ಬೇರೆ ಯಾರಿಗೂ ಹೇಳದ್ದನ್ನು, ಹೆಚ್ಚಾಗಿ ಮೆಲ್ಲನೆ, ಸೊಸೆಗೆ ಕೇಳಿಸದ ಹಾಗೆ. ಅವಳು ತಲೆ ಆಡಿಸುತ್ತಿದ್ದಳು, ನನಗೆ ಸಮಾಧಾನವಾಗುತ್ತಿತ್ತು. ಅವತ್ತೂ ಅದೇ ದನಿಯಲ್ಲಿ ಕೇಳಿದೆ, ಬೇಕೆಂದೇ ಏರಿಸಲಿಲ್ಲ.

"ಅತ್ತೆ, ನಾನು ಇಷ್ಟು ದಿನ ನಿನ್ ಹತ್ರ ಹೇಳ್ಕೊಂಡಿದ್ರಲ್ಲಿ ನಿಂಗೆ ಎಷ್ಟು ಕೇಳ್ಸಿದೆ?"

ಅವಳು ಸ್ಪೀಕರಿನ ಕಡೆಗೇ ನೋಡುತ್ತಿದ್ದಳು. ಎದ್ದು, ಆಂಪ್ಲಿಫೈಯರಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಹಸುವಿಗೆ ನೀರಿಟ್ಟರೋ ಇಲ್ಲವೋ ನೋಡಿ ಬರುತ್ತೇನೆಂದು ಹೊರಗೆ ಹೋದಳು. ಕೇಳಿಸಲಿಲ್ಲವೋ, ಕೇಳಿಸಿಯೂ ಹೋದಳೋ ತಿಳಿಯದು. ಅದೇ ಪ್ರಶ್ನೆಯನ್ನು ಅವಳ ಮುಖಕ್ಕೆ ಮುಖ ಕೊಟ್ಟು, ಜೋರಾಗಿ ಕೇಳುವುದು ನನ್ನಿಂದ ಇನ್ನೂ ಆಗಿಲ್ಲ.